ಅವಸರವೇ ಅಪವ್ಯಯ

ಹತ್ತು ಗಂಟೆಯ ಬಸ್ಸಿಗೆ ಒಂಬತ್ತಕ್ಕೇ ಓಡಿಹೋಗಿ, ನಿಲ್ದಾಣದಲ್ಲಿ ಬೆವರು ಒರೆಸಿಕೊಳ್ಳುತ್ತ ಕೂರುವವರನ್ನು ನೀವು ಕಂಡಿರಬಹುದು. ಬ್ಯಾಟರಿಯಿಂದ ನಡೆಯುವ ಉಪಕರಣದೊಳಗಿನ ಪ್ರೊಸೆಸರ್ ಹೀಗೆ ಮಾಡಿದರೆ ವಿದ್ಯುತ್ತು ವ್ಯರ್ಥ.

ರೋಗಿಯ ಎದೆಬಡಿತ ಗಮನಿಸುವ ಯಂತ್ರವೊಂದು 20 ಮಿಲಿಸೆಕೆಂಡಿಗೊಮ್ಮೆ ಲೆಕ್ಕ ಮುಗಿಸಬೇಕೆನ್ನಿ. ಲೆಕ್ಕ ಎಷ್ಟೇ ದೊಡ್ಡದಾದರೂ ಪೂರ್ಣ ವೇಗದಲ್ಲಿ 10 ಮಿಲಿಸೆಕೆಂಡು ಸಾಕು. ವೇಗವನ್ನು ಅರ್ಧಕ್ಕಿಳಿಸಿದರೂ ಗಡುವು ತಪ್ಪದು. ಲಾಭವೇನು? ವೇಗ ಇಳಿದಾಗ ಕಡಿಮೆ ವೋಲ್ಟೇಜ್ ಸಾಕಾಗುತ್ತದೆ. ಕೆಲಸಕ್ಕೆ ತಗಲುವ ಶಕ್ತಿಯಾದರೋ ವೋಲ್ಟೇಜಿನ ವರ್ಗಕ್ಕೆ ಅನುಗುಣ. ವೋಲ್ಟೇಜ್ ಅರ್ಧವಾದರೆ ಶಕ್ತಿ ಕಾಲುಭಾಗ! ವೋಲ್ಟೇಜನ್ನು ಹಾಗೇ ಬಿಟ್ಟು ಬರೀ ವೇಗ ಇಳಿಸಿದರೆ ಈ ಲಾಭವಿಲ್ಲ.

ಅಮೆರಿಕದಲ್ಲಿ ಮಾರ್ಕ್ ವೈಸರ್ ಮತ್ತು ಸಂಗಡಿಗರು 1994ರಲ್ಲೇ ಈ ದಾರಿ ತೋರಿಸಿದರು. 2001ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಪಿಳ್ಳೈ ಮತ್ತು ಶಿನ್ ಇದಕ್ಕೆ ಗಡುವಿನ ಕಾವಲು ಹಾಕಿದರು: ಒಂದು ಕೆಲಸ ಬೇಗ ಮುಗಿದರೆ, ಉಳಿದ ಸಮಯವನ್ನು ಮುಂದಿನ ಕೆಲಸಕ್ಕೆ ಕೊಟ್ಟು ಅದನ್ನು ನಿಧಾನವಾಗಿ ನಡೆಸುವುದು.

ಆದರೆ ಸರಾಸರಿ ಲೆಕ್ಕವನ್ನು ನಂಬುವಂತಿಲ್ಲ. ಅತಿ ಕಷ್ಟದ ಸಂದರ್ಭಕ್ಕೂ ಸಮಯ ಕಾದಿರಿಸಲೇಬೇಕು. ಇಂದಿನ ಚಿಪ್ಪುಗಳಲ್ಲಿ ಕರೆಂಟು ಸೋರುವುದರಿಂದ ತೀರಾ ನಿಧಾನವೂ ನಷ್ಟವೇ.

ಹದವರಿತ ವೇಗ ಬೇಕು. ಏಕೆಂದರೆ ಇಲ್ಲಿ ಹೊತ್ತು ಮೀರಿದರೆ ತಪ್ಪಿಹೋಗುವುದು ಬಸ್ಸಲ್ಲ.