ಸೂಜಿಗಿಂತ ಮೊದಲು ಬಿಡುವು ಬೇಕು

ಕುಂದಾಣದಿಂದ ದೊಡ್ಡಬಳ್ಳಾಪುರದ ಮಗ್ಗಗಳಿಗೆ ಪಾಳಿಗೆ ಹೋಗುವ ಕೆಲಸಗಾರರೊಬ್ಬರು ನಮ್ಮನ್ನು ಕೇಳಿದ್ದಾರೆ: ಚೀನೀ ಸೂಜಿ ಚುಚ್ಚಿಸಿಕೊಂಡರೆ ಸೊಂಟನೋವು ಹೋಗುವುದೇ? ಪ್ರಶ್ನೆ ಚಿಕ್ಕದು, ನೋವು ಚಿಕ್ಕದಲ್ಲ. ಮಗ್ಗಗಳ ನಡುವೆ ಇಡೀ ಪಾಳಿ ನಿಂತು, ಕಡಿದ ಎಳೆಗಳನ್ನು ಬಗ್ಗಿ ಬಗ್ಗಿ ಕೂಡಿಸುವವರ ಸೊಂಟ, ಹೆಗಲು, ಮೊಣಕಾಲುಗಳು ಸವೆಯದೆ ಇರುವುದು ಹೇಗೆ? ಗಲ್ಲದ ಮುಂದೆ ದಿನವೆಲ್ಲ ಕಾಲು ಮಡಿಸಿ ಕೂರುವ ಅಂಗಡಿಯವರ ಪಾಡೂ ಬೇರೆಯಲ್ಲ.

ಚೀನೀ ವೈದ್ಯವೆಂದರೆ ಸೂಜಿಯೊಂದೇ ಅಲ್ಲ. ಗಿಡಮೂಲಿಕೆ, ಕೈಯಿಂದ ನೀವುವ ಉಪಚಾರ, ಉಸಿರಿನೊಡನೆ ನಿಧಾನವಾಗಿ ಮೈ ಆಡಿಸುವ ಅಭ್ಯಾಸ ಎಲ್ಲವೂ ಅದರಲ್ಲಿವೆ. ನಮ್ಮವರಿಗೂ ಅದಕ್ಕೂ ಹಳೆಯ ನಂಟುಂಟು. 1938ರಲ್ಲಿ ಜಪಾನಿನ ದಾಳಿಗೆ ಸಿಕ್ಕ ಚೀನಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಗಿರಣಿಗಳ ಊರಾದ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸರೂ ಒಬ್ಬರು; 1942ರಲ್ಲಿ ಅಲ್ಲಿಯೇ ಮಡಿದರು. ಅವರ ಸಂಗಾತಿ ಬಿಜಯ್ ಕುಮಾರ್ ಬಸು ಮುಂದೆ ಸೂಜಿ ಚಿಕಿತ್ಸೆಯನ್ನು ಕಲಿತು 1950ರ ದಶಕದ ಕೊನೆಯಲ್ಲಿ ಕಲ್ಕತ್ತೆಗೆ ತಂದರು.

ಅದರಿಂದ ಗುಣವೆಷ್ಟು? ಹಳೆಯ ಸೊಂಟನೋವಿನ 1,162 ಮಂದಿಯ ಮೇಲೆ ಜರ್ಮನಿಯಲ್ಲಿ ನಡೆದ ಪರೀಕ್ಷೆಯೊಂದು 2007ರಲ್ಲಿ ಪ್ರಕಟವಾಯಿತು. ಆರು ತಿಂಗಳ ತರುವಾಯ, ಶಾಸ್ತ್ರೋಕ್ತ ಬಿಂದುಗಳಲ್ಲಿ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ 47.6 ಮಂದಿ, ಬಿಂದು ಬಿಟ್ಟು ಬೇರೆಡೆ ಮೇಲುಮೇಲೆ ಚುಚ್ಚಿಸಿಕೊಂಡವರಲ್ಲಿ 44.2 ಮಂದಿ, ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ 27.4 ಮಂದಿ ಸುಧಾರಿಸಿದ್ದರು. ಉಪಶಮನ ಉಂಟು, ಸುಳ್ಳಲ್ಲ. ಆದರೆ ಬಿಂದುಗಳ ರಹಸ್ಯ ತನಗೊಬ್ಬನಿಗೇ ಗೊತ್ತೆಂದು ಕೈತುಂಬ ಹಣ ಕೇಳುವವನನ್ನು ನಂಬತಕ್ಕದ್ದಲ್ಲ. ಚುಚ್ಚಿಸಿಕೊಳ್ಳುವವರು ಹೊಸ ಸೂಜಿಯನ್ನು ಕಣ್ಣೆದುರೇ ಬಿಚ್ಚಿಸಬೇಕು.

ನಮ್ಮ ಮಟ್ಟಿಗೆ ಆ ವೈದ್ಯದ ಬೆಲೆಯುಳ್ಳ ಭಾಗವೆಂದರೆ ಬೆಲೆಯಿಲ್ಲದೆ ಸಿಗುವ ಭಾಗ: ಮೈ ಆಡಿಸುವುದು. ಶತಮಾನಗಳಿಂದ ಬಂದ ಒಂದು ಚೀನೀ ಸಾಧನೆಯ ಹೆಸರೇ ‘ಎಂಟು ತುಂಡು ಜರಿ ರೇಷ್ಮೆ’. ಕಾಲು ಅಗಲಿಸಿ ನಿಂತು, ಬೆರಳು ಹೆಣೆದು, ಅಂಗೈಗಳನ್ನು ಆಕಾಶಕ್ಕೆ ತಿರುಗಿಸಿ ಮೇಲೆತ್ತುವುದು ಮೊದಲ ತುಂಡು. ಬಿಲ್ಲು ಎಳೆದಂತೆ ಎಡಕ್ಕೂ ಬಲಕ್ಕೂ ತೋಳು ಚಾಚುವುದು ಎರಡನೆಯದು. ಗರಡಿ ಮನೆಯ ಸಾಮು ಕಂಡವರಿಗೆ ಇದು ಬೆರಗಲ್ಲ. ಇದೇ ಬಳಗದ ತಾಯ್ ಚಿ ಮೊಣಕಾಲು ನೋವಿಗೆ ಫಿಜಿಯೋಥೆರಪಿಯಷ್ಟೇ ಫಲ ಕೊಟ್ಟಿತೆಂದು 2016ರಲ್ಲಿ ಅಮೆರಿಕದ ಬಾಸ್ಟನ್ನಿನ ವೈದ್ಯರು ಪ್ರಕಟಿಸಿದರು.

ಆದರೆ ರೇಷ್ಮೆ ನೇಯುವವನಿಗೆ ಈ ರೇಷ್ಮೆಗೆ ಪುರುಸೊತ್ತೆಲ್ಲಿ? ಚೀನದಲ್ಲಿ 1951ರಲ್ಲಿ ರೇಡಿಯೋ ಸಂಗೀತಕ್ಕೆ ಸಾಮೂಹಿಕ ವ್ಯಾಯಾಮ ಮಾಡಿಸುವ ಏರ್ಪಾಡಾಯಿತು. ನಮ್ಮಲ್ಲಿ 1948ರ ಕಾರ್ಖಾನೆ ಕಾಯಿದೆ ಐದು ಗಂಟೆ ದುಡಿದವನಿಗೆ ಅರ್ಧ ಗಂಟೆ ವಿರಾಮ ಕೊಟ್ಟಿತು; ನಾಲ್ಕಾರು ಆಳುಗಳ ಮಗ್ಗದ ಷೆಡ್ಡು ಅದರ ಲೆಕ್ಕಕ್ಕೇ ಬರಲಿಲ್ಲ. 2023ರಲ್ಲಿ ನಮ್ಮ ವಿಧಾನಮಂಡಲ ಅದೇ ಕಾಯಿದೆಗೆ ತಿದ್ದುಪಡಿ ತಂದು, ದಿನದ ದುಡಿಮೆಯನ್ನು 12 ಗಂಟೆಯವರೆಗೆ ಎಳೆಯಲು ದಾರಿ ಮಾಡಿತು!

ಸೀರೆಯ ಲೆಕ್ಕದಲ್ಲಿ ಕೂಲಿ ಪಡೆಯುವವನು ಮಗ್ಗ ನಿಲ್ಲಿಸಿದರೆ ಅವನ ಗಂಟೇ ಕರಗುತ್ತದೆ. ಆದ್ದರಿಂದ ಪಾಳಿಗೆರಡು ಬಾರಿ ಹತ್ತು ನಿಮಿಷ, ಕೂಲಿ ಸಹಿತ ಬಿಡುವು ಬೇಕು. ಸಾಲದಲ್ಲಿರುವ ಸಣ್ಣ ಮಗ್ಗದ ಯಜಮಾನನ ತಲೆಗೇ ಈ ಭಾರವನ್ನು ಕಟ್ಟುವುದು ನ್ಯಾಯವಲ್ಲ. ಸೀರೆ ಕೊಳ್ಳುವ ಸಗಟು ವರ್ತಕರೂ ಹೊರಲಿ. ಜಿಲ್ಲಾಡಳಿತ ಭವನ ಕುಂದಾಣ ಹೋಬಳಿಯ ಬೀರಸಂದ್ರದಲ್ಲೇ ಇದೆ. ಅಲ್ಲಿನ ಅಧಿಕಾರಿಗಳು ವಾರಕ್ಕೊಂದು ಸಂಜೆಯಾದರೂ, ಪಾಳಿ ಬಿಟ್ಟ ಹೊತ್ತಿಗೆ, ಹೋಬಳಿಗೊಬ್ಬ ಫಿಜಿಯೋಥೆರಪಿಸ್ಟರು ಸಿಗುವಂತೆ ಮಾಡಲಿ.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು. ಸೊಂಟನೋವಿನ ಜೊತೆಗೆ ಕಾಲಿನ ಬಲ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಹತೋಟಿ ಮೀರಿದರೆ, ಸೂಜಿಯೂ ಬೇಡ, ಉಳುಕು ತೆಗೆಯುವವರೂ ಬೇಡ. ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಿ.