ಆ ಬೀಳನ್ನು ಹಾಗೇ ಬಿಡಿ

ಮುಂಗಾರು ಹದವಾಗಿ ಬಿದ್ದ ವರ್ಷ, ಮುಳಬಾಗಿಲಿನ ಆವಣಿ ಬೆಟ್ಟದ ತಪ್ಪಲಲ್ಲಿ ಬೆಳಗ್ಗೆ ಎಂಟರ ಹೊತ್ತಿಗೆ ಮೊಣಕಾಲೂರಿ ಕೂತು ನೋಡಿ. ಹುಲ್ಲಿನ ಬುಡದಲ್ಲಿ ವಿಷ್ಣುಕ್ರಾಂತಿ ಅರಳಿರುತ್ತದೆ. ಕಿರುಬೆರಳಿನ ಉಗುರಿನಷ್ಟೇ ಹೂ, ತಿಳಿನೀಲಿ. ಬಿಸಿಲೇರಿದರೆ ಮುದುಡಿಬಿಡುತ್ತದೆ. ನಿಂತುಕೊಂಡೇ ನೋಡುವವರಿಗೆ ಅಲ್ಲಿ ಏನೂ ಕಾಣದು. ನಮ್ಮ ಕಂದಾಯ ದಾಖಲೆಯೂ ನಿಂತುಕೊಂಡೇ ನೋಡಿತು, 'ಖರಾಬು' ಎಂದು ಬರೆದುಕೊಂಡಿತು.

ಆ ಒಂದು ಪದ ಮಾಡಿದ ಅನ್ಯಾಯ ಸಣ್ಣದಲ್ಲ. ಖರಾಬು ಅಂದಮೇಲೆ ಯಾರು ಏನು ಮಾಡಿದರೂ ಅದು ಉದ್ಧಾರವೇ! 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಲ್ಲಿ ನೀಲಗಿರಿ ಬಂತು. ಕೋಲಾರ, ಮಾಲೂರಿನ ಹೊಲಗಳನ್ನೂ ಹುಲ್ಲಿನ ಬೀಳುಗಳನ್ನೂ ನುಂಗಿತು. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು, ಬಂದದ್ದು ನೀರು ಹೀರುವ ಮರ. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ ಹೇಳುವ ಹೊತ್ತಿಗೆ 2017 ಆಗಿತ್ತು. ಈಗ ಅದನ್ನು ಕಿತ್ತ ಕಡೆ ಲೇಔಟಿನ ಕಲ್ಲು ನಿಂತಿದೆ, ಕಲ್ಲಿನ ಸುತ್ತ ಕಾಂಗ್ರೆಸ್ ಗಿಡ.

ನಮ್ಮ ಕಡೆಯ ಬೆರಕೆ ಸೊಪ್ಪಿನ ಮಸ್ಸೊಪ್ಪು ಉಂಡು ಬೆಳೆದವರು ನೀವು. ಸೊಪ್ಪು ಕೀಳುವವರ ಮಡಿಲು ತುಂಬಿದ್ದು ಎಲ್ಲಿಂದ? ಅಣ್ಣೆ, ಕನ್ನೆ, ಗೋಣಿ, ಯಾವುದನ್ನೂ ಯಾರೂ ಬಿತ್ತಲಿಲ್ಲ. ಎಳೆಯದಾಗಿದ್ದಾಗ ಕಿತ್ತರೆ ಅಣ್ಣೆ ಸೊಪ್ಪು. ಬಿಟ್ಟರೆ ಬೆಳ್ಳಿಯನ್ನು ಗುಲಾಬಿಯಲ್ಲಿ ಅದ್ದಿದಂಥ ತೆನೆಹೂ. ಕನ್ನೆಯ ನೀಲಿ ಹೂ ಬದುವಿನ ತೇವದಲ್ಲಿ. ಬದುವಿಗೆ ಕಳೆನಾಶಕ ಹೊಡೆದ ದಿನ ಹೂವೂ ಹೋಯಿತು, ಸಾರೂ ಹೋಯಿತು. ಸೊಪ್ಪು ಗುರುತಿಸುವ ಅಜ್ಜಿಯರ ಕಣ್ಣಿಗೂ ಕೆಲಸವಿಲ್ಲದಾಯಿತು. ನನಗೆ ಎಲ್ಲಕ್ಕಿಂತ ನೋವು ಇದೇ.

2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲುಗಳ, ಪಶುಪಾಲಕರ ವರ್ಷವೆಂದು ಘೋಷಿಸಿತು. ಆದರೆ ನಾನು ಕೇಳುತ್ತಿರುವುದು ಜಮೀನಿನ ಒಡೆಯರಾದ ನಿಮ್ಮನ್ನು. ಶ್ರೀನಿವಾಸಪುರದ ಮಾವಿನ ತೋಪಿನವರೇ, ಮಾಲೂರಿನಲ್ಲಿ ಎಕರೆ ಕೊಂಡ ಬೆಂಗಳೂರಿನವರೇ, ನೇಗಿಲು ಹಿಡಿಯದ ಕಲ್ಲುಮೂಲೆ ನಿಮ್ಮಲ್ಲೂ ಒಂದು ಇದ್ದೇ ಇರುತ್ತದೆ. ಅದನ್ನು ಸಮ ಮಾಡಿಸಬೇಡಿ, ಬೇಸಿಗೆಯಲ್ಲಿ ಬೆಂಕಿ ಇಡಬೇಡಿ. ಒಳ್ಳೆಯ ಮನಸ್ಸಿನಿಂದಲೇ ಆದರೂ ಅಲ್ಲಿ ಸಸಿ ಒತ್ತೊತ್ತಾಗಿ ನೆಡಬೇಡಿ. ನೆರಳಲ್ಲಿ ಈ ಹುಲ್ಲು ಬದುಕದು. ಲಂಟಾನ ಮಾತ್ರ ಬೇರುಸಹಿತ ಕೀಳಿಸಿ. ಹೂ ಬೀಜ ಕಟ್ಟಿ ಉದುರುವವರೆಗೆ ದನ ಬಿಡಬೇಡಿ, ಕುಡುಗೋಲು ಹಾಕಿಸಬೇಡಿ. ಇಷ್ಟೇ ಖರ್ಚು.

ಆಮೇಲೆ ಗೌರಿ ಹಬ್ಬದ ಆಸುಪಾಸಿನಲ್ಲಿ ಮಕ್ಕಳನ್ನೂ ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ. ಬೇಲಿಸಾಲಿನಲ್ಲಿ ಗೌರಿ ಹೂ ಎಲೆತುದಿಯನ್ನೇ ಕೊಕ್ಕೆ ಮಾಡಿ ಹತ್ತಿರುತ್ತದೆ, ಎಸಳೆಲ್ಲ ಮೇಲಕ್ಕೆ ಮಡಚಿ, ಹಳದಿ ಕೆಂಪಿಗೆ ತಿರುಗುತ್ತ. ಕೀಳದೆ ತೋರಿಸಿ, ಗಡ್ಡೆ ವಿಷ, ಅದನ್ನೂ ಹೇಳಿ. ಆ ಪಕ್ಕದ್ದೇನು ಎಂದು ಅಜ್ಜಿಯನ್ನು ಕೇಳಿ, ಹೆಸರು ಬರೆದುಕೊಳ್ಳಿ. ಒಂಬತ್ತರೊಳಗೆ ಹೋಗಿ, ವಿಷ್ಣುಕ್ರಾಂತಿ ಇನ್ನೂ ತೆರೆದಿರುತ್ತದೆ.