ಪರದೇಶದಿಂದ ಮರಳುವಾಗ ಮಕ್ಕಳ ಕೈಗೆ ಏನು ಕೊಡೋಣ?

ಗಲ್ಫಿನಿಂದ ಬಂದವರ ಪೆಟ್ಟಿಗೆಯ ಹಗ್ಗ ಬಿಚ್ಚುವ ಆ ಗಳಿಗೆಯನ್ನು ನಮ್ಮ ಕರಾವಳಿಯ ಮುಸ್ಲಿಮ್ ಮನೆಗಳಲ್ಲಿ ಬೆಳೆದ ಯಾರೂ ಮರೆಯಲಾರರು. 1970ರ ದಶಕದಿಂದೀಚೆಗೆ ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಮನೆಗಳಿಂದ ದುಡಿಯುವ ಕೈಗಳು ದುಬೈ, ದಮ್ಮಾಮ್, ಕುವೈತ್, ಮಸ್ಕತ್‌ಗಳಿಗೆ ಹೋದವು. ಎರಡು ವರ್ಷಕ್ಕೊಮ್ಮೆ ಮರಳಿದಾಗ ಪೆಟ್ಟಿಗೆಯಲ್ಲಿ ಹಾಲಿನ ಪುಡಿ, ಟ್ಯಾಂಗ್, ಟೈಗರ್ ಬಾಮ್, ಅತ್ತರು, ಬಣ್ಣದ ಕಾಗದದ ಚಾಕಲೇಟುಗಳು ಇರುತ್ತಿದ್ದವು. ಮನೆಯ ಮಕ್ಕಳೆಲ್ಲ ಸುತ್ತಲೂ ಕುಳಿತು ತಮ್ಮ ಹೆಸರು ಕರೆಯುವುದನ್ನೇ ಕಾಯುತ್ತಿದ್ದರು. ಕೈಗೆ ಸಿಕ್ಕಿದ್ದು ಒಂದು ಪರಿಮಳದ ರಬ್ಬರ್ ಮಾತ್ರವಾದರೂ ಆ ರಾತ್ರಿ ಅದು ದಿಂಬಿನ ಕೆಳಗೇ ಮಲಗುತ್ತಿತ್ತು.

ಆ ಸಂತೋಷ ಇಂದು ಹಲವರ ಪಾಲಿಗೆ ಹೊರೆಯಾಗಿದೆ. ಪ್ರಯಾಣದ ದಿನ ಗೊತ್ತಾಗುತ್ತಲೇ ವಾಟ್ಸಾಪಿನಲ್ಲಿ ಪಟ್ಟಿ ಬರುತ್ತದೆ. ಒಬ್ಬನಿಗೆ ಟ್ಯಾಬ್, ಇನ್ನೊಬ್ಬನಿಗೆ ಕೈಗಡಿಯಾರ, ಮತ್ತೊಬ್ಬಳಿಗೆ ಇಂಥದ್ದೇ ಬ್ರ್ಯಾಂಡಿನ ಶೂ. ಸೌದಿಯ ಅಂಗಡಿಯೊಂದರಲ್ಲಿ ದುಡಿಯುವ, ನಮಗೆ ಪರಿಚಿತರಾದ ಸಹೋದರರೊಬ್ಬರು ಕಳೆದ ಸಲ ದೊರೆತಿದ್ದ ರಜೆಯನ್ನು ಮುಂದೂಡಿದರು. ಟಿಕೆಟಿನ ಹಣ ಅವರಲ್ಲಿತ್ತು. ಅಣ್ಣ ತಮ್ಮಂದಿರ, ಅಕ್ಕ ತಂಗಿಯರ ಹದಿನಾಲ್ಕು ಮಕ್ಕಳಿಗೆ ಕೊಡುವಂಥದ್ದನ್ನು ಕೊಳ್ಳಲು ಹಣವಿರಲಿಲ್ಲ. "ಬರಿಗೈಯಲ್ಲಿ ಬಂದನೆಂದು ಅನ್ನಿಸಿಕೊಳ್ಳುವುದಕ್ಕಿಂತ ಆರು ತಿಂಗಳು ತಡವಾಗಿ ಬರುವುದೇ ಲೇಸು" ಎಂದು ಅವರು ಫೋನಿನಲ್ಲಿ ಹೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ. ಅವರ ತಾಯಿಗೆ ಎಪ್ಪತ್ತು ದಾಟಿದೆ. ಮಗನ ಮುಖ ಕಾಣಲು ಕಾದಿರುವ ಆ ತಾಯಿಗೂ ಮಗನಿಗೂ ನಡುವೆ ಕೆಲವು ಆಟಿಕೆಗಳ ಬೆಲೆ ಅಡ್ಡ ನಿಂತಿದೆಯೆಂದರೆ ನಮ್ಮ ಪದ್ಧತಿಯಲ್ಲಿ ಎಲ್ಲೋ ತಪ್ಪಿದೆ.

ಉಮ್ರಾ ಯಾತ್ರಿಕರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಾಗಿಲ್ಲ. ಜೀವಮಾನದ ಉಳಿತಾಯ ಕೂಡಿಸಿ ಹೋದವರು ಮದೀನಾದ ಕೊನೆಯ ಎರಡು ದಿನಗಳನ್ನು ಅಂಗಡಿಯಿಂದ ಅಂಗಡಿಗೆ ಅಲೆಯುತ್ತ ಕಳೆಯುವುದನ್ನು ನಾವು ನೋಡಿದ್ದೇವೆ. ಮಸ್ಜಿದುನ್ನಬವಿಯಲ್ಲಿ ನಿರ್ವಹಿಸುವ ಒಂದು ನಮಾಝ್, ಮಸ್ಜಿದುಲ್ ಹರಾಮ್‌ನ ಹೊರತು ಬೇರೆಡೆಯ 1000 ನಮಾಝ್‌ಗಳಿಗಿಂತ ಶ್ರೇಷ್ಠವೆಂದು ಹದೀಸ್ ಕಲಿಸುತ್ತದೆ. ಅಂಥ ಸ್ಥಳದಲ್ಲಿ ಅಝಾನ್ ಮೊಳಗುವಾಗಲೂ ರಿಮೋಟ್ ಕಾರಿನ ಬೆಲೆಗೆ ಚೌಕಾಸಿ ನಡೆದಿರುತ್ತದೆ. ಕೊಳ್ಳುವುದು ಪಾಪವೆಂದು ನಾವು ಹೇಳುತ್ತಿಲ್ಲ. ಹಜ್ಜಿನ ದಿನಗಳಲ್ಲೂ ಅಲ್ಲಾಹನ ಅನುಗ್ರಹವನ್ನರಸಿ ವ್ಯಾಪಾರ ಮಾಡುವುದರಲ್ಲಿ ದೋಷವಿಲ್ಲವೆಂದು ಕುರ್‌ಆನ್ ಅಲ್‌ಬಕರಃ ಅಧ್ಯಾಯದಲ್ಲಿ ತಿಳಿಸಿದೆ. ಆದರೆ ಅನುಮತಿಗೂ ಒಂದು ಮಿತಿ ಬೇಡವೇ?

ಉಡುಗೊರೆ ಕೊಡುವುದು ಸುನ್ನತ್. ಅದು ಹೃದಯಗಳ ನಡುವೆ ಪ್ರೀತಿ ಬೆಳೆಸುತ್ತದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನೆರೆಮನೆಯವಳು ಕೊಟ್ಟದ್ದು ಆಡಿನ ಗೊರಸಿನಷ್ಟು ಅಲ್ಪವಾಗಿದ್ದರೂ ಅದನ್ನು ಕೀಳಾಗಿ ಕಾಣಬಾರದೆಂದು ಮುಸ್ಲಿಮ್ ಸ್ತ್ರೀಯರಿಗೆ ಬೋಧಿಸಿದ್ದಾರೆ. ಮಕ್ಕಳೊಂದಿಗೆ ಅವರು ನಡೆದುಕೊಂಡ ರೀತಿಯಲ್ಲಿ ನಮ್ಮ ಈ ಸಮಸ್ಯೆಗೆ ಬೇಕಾದಷ್ಟು ಬೆಳಕಿದೆ.

ಉಮ್ಮು ಖಾಲಿದ್(ರ) ಎಂಬ ಪುಟ್ಟ ಬಾಲಕಿಯ ಘಟನೆ ಸಹೀಹ್ ಬುಖಾರಿಯಲ್ಲಿದೆ. ಆಕೆಯ ತಂದೆ ತಾಯಿ ಅಬಿಸೀನಿಯಾಕ್ಕೆ ವಲಸೆ ಹೋಗಿದ್ದವರು. ಆಕೆ ಹುಟ್ಟಿದ್ದೂ ಅಲ್ಲಿಯೇ. ಒಮ್ಮೆ ಪ್ರವಾದಿವರ್ಯರ(ಸ) ಬಳಿಗೆ ಕೆಲವು ಬಟ್ಟೆಗಳು ಬಂದವು. ಅವುಗಳಲ್ಲಿ ವಿನ್ಯಾಸವಿದ್ದ ಕಪ್ಪು ಬಣ್ಣದ ಸಣ್ಣ ಉಡುಪೊಂದಿತ್ತು. ಇದನ್ನು ಯಾರಿಗೆ ತೊಡಿಸೋಣವೆಂದು ಅವರು ಕೇಳಿದರು. ಜನರು ಸುಮ್ಮನಿದ್ದರು. ಉಮ್ಮು ಖಾಲಿದ್‌ಳನ್ನು ಕರೆತನ್ನಿ ಎಂದರು. ಮಗುವನ್ನು ಎತ್ತಿಕೊಂಡು ಬಂದಾಗ ತಮ್ಮ ಕೈಯಾರೆ ಅದನ್ನು ತೊಡಿಸಿ, ಉಡುಪು ಸವೆಯುವವರೆಗೆ ಬಾಳು ಎಂದು ಹಾರೈಸಿದರು. ಬಳಿಕ ಅದರ ವಿನ್ಯಾಸವನ್ನು ತೋರಿಸಿ, ಬಹಳ ಚೆನ್ನಾಗಿದೆ ಎಂಬುದನ್ನು ಅಬಿಸೀನಿಯಾದ ಭಾಷೆಯಲ್ಲೇ ಹೇಳಿದರು. ಉಡುಪಿನ ಬೆಲೆ ಎಷ್ಟೆಂದು ಹದೀಸ್ ಹೇಳುವುದಿಲ್ಲ. ತನ್ನ ಹೆಸರು ಹಿಡಿದು ಕರೆದದ್ದು, ತನ್ನ ಕೈಯಿಂದ ತೊಡಿಸಿದ್ದು, ತಾನು ಹುಟ್ಟಿದ ನಾಡಿನ ಮಾತಿನಲ್ಲಿ ಹೊಗಳಿದ್ದು, ಇವೆಲ್ಲ ಆ ಮಗುವಿನ ನೆನಪಿನಲ್ಲಿ ಉಳಿದವು. ದೊಡ್ಡವಳಾದ ಮೇಲೆ ಆಕೆ ಹೇಳಿದ್ದರಿಂದಲೇ ಇಂದು ನಮಗೆ ಈ ಘಟನೆ ತಿಳಿದಿದೆ.

ಪ್ರಯಾಣದಿಂದ ಮರಳುವ ಗಳಿಗೆಯ ಚಿತ್ರವೂ ಹದೀಸ್‌ಗಳಲ್ಲಿದೆ. ಪ್ರವಾದಿವರ್ಯರು(ಸ) ಊರಿಗೆ ಹಿಂತಿರುಗುವಾಗ ಮನೆತನದ ಮಕ್ಕಳನ್ನು ಅವರ ಎದುರುಗೊಳ್ಳಲು ಕರೆದೊಯ್ಯುತ್ತಿದ್ದರು. ಹಾಗೊಮ್ಮೆ ತನ್ನನ್ನು ಮುಂದೆಯೂ, ಹಝ್ರತ್ ಫಾತಿಮಾ(ರ)ರ ಮಗನೊಬ್ಬನನ್ನು ಹಿಂದೆಯೂ ಕೂರಿಸಿಕೊಂಡರೆಂದು, ಮೂವರೂ ಒಂದೇ ಸವಾರಿಯಲ್ಲಿ ಮದೀನಾ ಪ್ರವೇಶಿಸಿದೆವೆಂದು ಅಬ್ದುಲ್ಲಾ ಬಿನ್ ಜಅಫರ್(ರ) ಹೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ದಣಿದು ಬಂದ ಪ್ರಯಾಣಿಕರು ಮಕ್ಕಳಿಗೆ ಮೊದಲು ಕೊಟ್ಟದ್ದು ತಮ್ಮ ಸಾಮೀಪ್ಯವನ್ನು. ಇಂದು ವಿಮಾನ ನಿಲ್ದಾಣದಿಂದ ಮನೆಗೆ ಬರುವ ಕಾರಿನಲ್ಲಿ ನಾವು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇವೆಯೇ, ಅಥವಾ ಫೋನನ್ನೇ?

ಇನ್ನು ನ್ಯಾಯದ ಪ್ರಶ್ನೆ. ನುಅಮಾನ್ ಬಿನ್ ಬಶೀರ್(ರ)ರಿಗೆ ಅವರ ತಂದೆ ವಿಶೇಷ ಕೊಡುಗೆಯೊಂದನ್ನು ಕೊಟ್ಟು, ಅದಕ್ಕೆ ಪ್ರವಾದಿವರ್ಯರನ್ನು(ಸ) ಸಾಕ್ಷಿಯಾಗಿಸಲು ಬಂದರು. ನಿನ್ನ ಮಕ್ಕಳೆಲ್ಲರಿಗೂ ಇಂಥದ್ದನ್ನು ಕೊಟ್ಟಿರುವೆಯಾ ಎಂದು ಅವರು ಕೇಳಿದರು. ಇಲ್ಲವೆಂದಾಗ, ಅಲ್ಲಾಹನನ್ನು ಭಯಪಟ್ಟು ಮಕ್ಕಳ ನಡುವೆ ನ್ಯಾಯ ಪಾಲಿಸಬೇಕೆಂದು ತಿಳಿಹೇಳಿದರು. ತಂದೆ ಆ ಕೊಡುಗೆಯನ್ನು ಹಿಂಪಡೆದರು. ಈ ಬೋಧನೆ ನೇರವಾಗಿ ತಂದೆ ತಾಯಿಗೆ ಸಂಬಂಧಿಸಿದ್ದು. ಆದರೂ ಅದರ ಆಶಯ ನಮ್ಮ ಕೂಡು ಕುಟುಂಬಗಳ ಹಜಾರಕ್ಕೆ ಅನ್ವಯಿಸದೆ ಇರಲಾರದು. ಒಬ್ಬ ತಮ್ಮ ದುಬೈಯಲ್ಲಿ, ಇನ್ನೊಬ್ಬ ಊರಿನಲ್ಲೇ ಆಟೋ ಓಡಿಸುತ್ತಾನೆ. ಒಬ್ಬನ ಮಗನ ಕೈಯಲ್ಲಿ ದುಬಾರಿ ಆಟಿಕೆ, ಇನ್ನೊಬ್ಬನ ಮಗನ ಕೈಯಲ್ಲಿ ಎರಡು ಮಿಠಾಯಿ. ಆ ಎರಡನೆಯ ಮಗು ಏನೂ ಹೇಳುವುದಿಲ್ಲ. ತನ್ನ ತಂದೆಯನ್ನು ಒಮ್ಮೆ ನೋಡುತ್ತದೆ, ಅಷ್ಟೇ. ಆ ನೋಟದ ಹೊಣೆ ಪೆಟ್ಟಿಗೆ ಬಿಚ್ಚಿದವರ ಮೇಲಿದೆ. ಸ್ವಂತ ಮಕ್ಕಳಿಗೆ ಹೆಚ್ಚಿನದೇನಾದರೂ ತಂದಿದ್ದರೆ ಅದನ್ನು ಎಲ್ಲರೆದುರು ತೆರೆಯದಿರುವಷ್ಟು ಸೂಕ್ಷ್ಮತೆಯಾದರೂ ನಮ್ಮಲ್ಲಿರಬೇಕು.

ಆದುದರಿಂದ ಹೊರಡುವ ಮುನ್ನವೇ ಕಾಗದದ ಮೇಲೆ ಮಕ್ಕಳ ಹೆಸರು ಬರೆದುಕೊಳ್ಳಿರಿ. ತಲೆಗೆ ಇಷ್ಟು ಎಂದು ಸಣ್ಣ ಮೊತ್ತ ನಿಗದಿಪಡಿಸಿರಿ. ಹದಿನಾಲ್ಕು ಮಕ್ಕಳಿಗೆ ತಲಾ 5 ರಿಯಾಲ್ ಎಂದರೆ 70 ರಿಯಾಲ್. ಇದಕ್ಕಾಗಿ ಯಾರೂ ಸಾಲ ಮಾಡಬೇಕಿಲ್ಲ, ರಜೆ ಮುಂದೂಡಬೇಕಿಲ್ಲ. ಹರಮ್‌ಗಳ ಸುತ್ತಮುತ್ತ ಎರಡು ರಿಯಾಲ್, ಐದು ರಿಯಾಲ್ ಎಂದು ಕೂಗಿ ಮಾರುವ ಅಂಗಡಿಗಳಲ್ಲಿ ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸವಿದು. ಪಟ್ಟಿಯಲ್ಲಿ ನೆರೆಮನೆಯ ಯತೀಮ್ ಮಗುವಿನ, ಮನೆಗೆಲಸಕ್ಕೆ ಬರುವ ತಾಯಿಯ ಮಗುವಿನ ಹೆಸರೂ ಇರಲಿ. ಅವರ ಧರ್ಮ ಯಾವುದೆಂದು ಖರ್ಜೂರ ಕೇಳುವುದಿಲ್ಲ.

ಏನು ಕೊಳ್ಳಬಹುದು? ಅಜ್ವಾ ದುಬಾರಿಯಾದರೆ ಸುಕ್ಕರಿ, ಸಫಾವಿ ಖರ್ಜೂರಗಳಿವೆ. ಒಂದು ಕಿಲೋ ತಂದು ಸಣ್ಣ ಪೊಟ್ಟಣಗಳಾಗಿ ಕಟ್ಟಿ, ಮೇಲೆ ಮಗುವಿನ ಹೆಸರು ಬರೆದರೆ ಅದೇ ಉಡುಗೊರೆ. ನಮಾಝ್ ಕಲಿಯುವ ವಯಸ್ಸಿನವನಿಗೆ ಟೋಪಿ, ಅವನ ತಂಗಿಗೆ ಬಣ್ಣದ ತಸ್ಬೀಹ್ ಅಥವಾ ತಲೆವಸ್ತ್ರ, ಹಲ್ಲುಜ್ಜಲು ಸೋಮಾರಿಯಾದವನಿಗೆ ಮಿಸ್ವಾಕ್. ಜೇಬಿನಲ್ಲುಳಿದ ಹಲಾಲಾ ನಾಣ್ಯಗಳನ್ನು ಎಸೆಯಬೇಡಿರಿ. ಬೇರೆ ದೇಶದ ನಾಣ್ಯ ಶಾಲೆಯ ಮಗುವಿಗೆ ನಿಧಿಯಿದ್ದಂತೆ. ತಸ್ಬೀಹ್‌ಗಳಲ್ಲಿ ಅನೇಕವು ಚೀನಾದಲ್ಲಿ ತಯಾರಾದವು. ಮಕ್ಕಾದಲ್ಲಿ ಕೊಂಡ ಮಾತ್ರಕ್ಕೆ ವಸ್ತುವಿಗೆ ಪಾವಿತ್ರ್ಯ ಬರುವುದಿಲ್ಲವೆಂಬುದನ್ನೂ ಮಕ್ಕಳಿಗೆ ಹೇಳಿರಿ. ಝಮ್‌ಝಮ್ ತರುವುದಕ್ಕೆ ಹಝ್ರತ್ ಆಯಿಶಾ(ರ)ರ ಮಾದರಿಯಿದೆ. ಆದರೆ ನೆನಪಿಗೆಂದು ಹರಮ್‌ನ ಕಲ್ಲು, ಮಣ್ಣು ತರಬೇಡಿರಿ. ಅದನ್ನು ಹೊರಗೆ ಒಯ್ಯುವುದನ್ನು ಶಾಫಿಈ ವಿದ್ವಾಂಸರು ನಿಷೇಧಿಸಿದ್ದಾರೆ.

ಅಗ್ಗವೆಂದು ಎಲ್ಲವನ್ನೂ ಕೊಳ್ಳುವಂತಿಲ್ಲ. ಗುಂಡಿಯಾಕಾರದ ಸಣ್ಣ ಬ್ಯಾಟರಿ ಸುಲಭವಾಗಿ ಹೊರಬರುವ ಆಟಿಕೆಗಳು, ಅಯಸ್ಕಾಂತದ ಪುಟ್ಟ ಗುಂಡುಗಳು ಬೇಡ. ಎಳೆಯ ಮಗು ನುಂಗಿದರೆ ಅವು ಅನ್ನನಾಳ, ಕರುಳುಗಳನ್ನು ಸುಟ್ಟು ತೂತು ಮಾಡಿ ಪ್ರಾಣಕ್ಕೇ ಎರವಾಗಬಲ್ಲವು. ನಿಜವಾದದ್ದರಂತೆ ಕಾಣುವ ಆಟಿಕೆ ಬಂದೂಕನ್ನು ಕೈಚೀಲದಲ್ಲಿಟ್ಟರೆ ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯಲ್ಲಿ ಅಲ್ಲಿಯೇ ಬಿಟ್ಟು ಬರಬೇಕಾದೀತು.

ಎಲ್ಲಕ್ಕಿಂತ ಮುಖ್ಯವಾಗಿ, ಕೊಡುವಾಗ ಒಂದು ಮಾತನ್ನೂ ಸೇರಿಸಿರಿ. "ಈ ಟೋಪಿ ಕೊಳ್ಳುವಾಗ ನಿನ್ನ ತಲೆ ಎಷ್ಟು ದೊಡ್ಡದೆಂದು ಅಂಗಡಿಯವನಿಗೆ ಕೈಯಲ್ಲಿ ಅಳೆದು ತೋರಿಸಿದೆ" ಎಂದರೆ ಸಾಕು. ದೂರದ ಊರಿನಲ್ಲಿ ತನ್ನನ್ನು ಯಾರೋ ನೆನೆದರೆಂಬ ಅರಿವು ಮಗುವಿನ ಪಾಲಿಗೆ ದೊಡ್ಡದು. ಕಅಬಾದ ಮುಂದೆ ಪ್ರತಿಯೊಂದು ಮಗುವಿನ ಹೆಸರು ಹೇಳಿ ದುಆ ಮಾಡಿ ಬಂದವರು ಅದನ್ನೂ ಹೇಳಲಿ. ಆ ಉಡುಗೊರೆಗೆ ತೂಕದ ಮಿತಿಯಿಲ್ಲ.

ಊರಿನಲ್ಲಿರುವ ಹಿರಿಯರಿಗೂ ಒಂದು ಬಿನ್ನಹ. ಬಂದವರು ಕುಳಿತು ನೀರು ಕುಡಿಯುವ ಮೊದಲೇ ಪೆಟ್ಟಿಗೆಯತ್ತ ನೋಡಬೇಡಿರಿ. ಮಕ್ಕಳ ಎದುರು ಉಡುಗೊರೆಯ ಬೆಲೆ ವಿಚಾರಿಸಬೇಡಿರಿ. ಇಷ್ಟೇನಾ ಎಂಬ ಮಾತು ಮಕ್ಕಳ ಬಾಯಿಗೆ ಬರುವುದು ನಮ್ಮ ಬಾಯಿಂದಲೇ. ಅದರ ಬದಲು ಜಝಾಕಲ್ಲಾಹು ಖೈರನ್ ಎನ್ನಲು ಕಲಿಸೋಣ. ಪರದೇಶದಲ್ಲಿರುವ ಮಗನಿಗೆ ಇಂದೇ ಫೋನ್ ಮಾಡಿ, "ಏನೂ ತರಬೇಡ, ನೀನು ಬಾ" ಎಂದು ಹೇಳೋಣ.

ಮಕ್ಕಳ ಮನ ನೋಯದಂತೆ ಕೊಡುವ ವಿವೇಕವನ್ನೂ, ಅಲ್ಪವನ್ನು ಪ್ರೀತಿಯಿಂದ ಸ್ವೀಕರಿಸುವ ಹೃದಯವನ್ನೂ ಅಲ್ಲಾಹನು ನಮಗೆ ದಯಪಾಲಿಸಲಿ. ಪ್ರಯಾಣದಲ್ಲಿರುವವರೆಲ್ಲರನ್ನೂ ಕ್ಷೇಮವಾಗಿ ಅವರವರ ಮನೆಗೆ ತಲುಪಿಸಲಿ. ಆಮೀನ್.